ಬಾಲದ ಚಾಕು

ಹೋದ ದೀಪಾವಳಿಗೆ ಮುಂಚೆ ನಾನೊಂದು ಚಾಕು ಮಾಡಿಸಿದೆ. ಕೊಂಡದ್ದಲ್ಲ, ಮಾಡಿಸಿದ್ದು. ಅಳತೆ ಕೊಟ್ಟು, ಮುಂಗಡ ಕೊಟ್ಟು, ನಾಲ್ಕು ತಿಂಗಳು ಕಾದು ತಂದದ್ದು. ಬೆಲೆ 6,500 ರೂಪಾಯಿ. ಈ ಅಂಕಿ ನಮ್ಮ ಮನೆಯಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ. ನಾನು ಬರೆದದ್ದನ್ನು ಮನೆಯವರು ಓದಲ್ಲ ಅನ್ನೋ ಧೈರ್ಯದ ಮೇಲೆ ಇಲ್ಲಿ ಹೇಳ್ತಿದ್ದೀನಿ.

ತಂದ ದಿನ ಓಣಿಯ ಕಟ್ಟೆ ಮೇಲೆ ಕೂತಿದ್ದ ಗೆಳೆಯನಿಗೆ ಉಮೇದಿಯಲ್ಲಿ ಹೇಳಿದೆ, ‘ಒಂದ ಕತ್ತಿ ಮಾಡಿಸೀನಿ ನೋಡೋ.’ ಅವನು ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿ ಕೇಳಿದ, ‘ಕತ್ತೀನ? ಯಾಕ, ಮನ್ಯಾಗ ಇದ್ದದ್ದ ಸಾಲವಲ್ದೇನ?’ ಹುಬ್ಬಳ್ಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳ್ತೀನಿ: ನಮ್ಮ ಮಾತಿನಲ್ಲಿ ಕತ್ತೆಯೂ ಕತ್ತಿಯೇ. ಅವತ್ತಿನಿಂದ ನಾನು ಅದನ್ನು ಚಾಕು ಅಂತಲೇ ಕರೀತೀನಿ.

ಚಾಕು ಅನ್ನೋ ಪದಕ್ಕೂ ಒಂದು ಗ್ರಹಚಾರ ಇದೆ. ಪೇಪರಿನಲ್ಲಿ ಚಾಕು ಬಂತು ಅಂದ್ರೆ ಅದರ ಬೆನ್ನಿಗೇ ಇರಿತ ಬರುತ್ತೆ. ‘ಚಾಕುವಿನಿಂದ ಪೇರಲ ಹೆಚ್ಚಿ ತಿಂದ ಯುವಕ’ ಅಂತ ಯಾವ ಪೇಪರೂ ಬರೆಯಲ್ಲ. ಹಾಗಾಗಿ ಜೇಬಿನಲ್ಲಿ ಚಾಕು ಇದೆ ಅಂದ ಕೂಡಲೇ ಜನ ಒಂದು ಹೆಜ್ಜೆ ಹಿಂದೆ ಸರೀತಾರೆ. ನಮ್ಮ ಅಜ್ಜ ಜೀವಮಾನ ಪೂರ್ತಿ ಸಂಚಿಯಲ್ಲಿ ಅಡಕತ್ತು ಇಟ್ಟುಕೊಂಡು ಓಡಾಡಿದ. ಅದರ ಬಾಯಿಗೆ ಬೆರಳು ಸಿಕ್ಕಿದ್ರೆ ಅರ್ಧ ಬೆರಳು ಅಲ್ಲೇ ಉಳೀತಿತ್ತು. ಅವನಿಗೆ ಯಾರೂ ಹೆದರಲಿಲ್ಲ. ಮದುವೆ ಮನೆಯಲ್ಲಿ ಹಿರೀಕರೆಲ್ಲ ಅದನ್ನೇ ಕೈಯಿಂದ ಕೈಗೆ ದಾಟಿಸುತ್ತಿದ್ದರು.

ನನಗೆ ಚಾಕು ಬೇಕಾಗಿರೋದು ಹೊಟ್ಟೆಪಾಡಿಗೆ. ನಾನು ತರಕಾರಿ ಬೀಜದ ಕೆಲಸದಲ್ಲಿದ್ದೀನಿ. ಮನೆ ಹುಬ್ಬಳ್ಳಿಯಲ್ಲಿ, ತಿರುಗಾಟ ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ಕಡೆ. ರಾಣೆಬೆನ್ನೂರಿನ ಸುತ್ತ ಹೈಬ್ರಿಡ್ ಬೀಜ ಬೆಳೆಯೋ ಹಳ್ಳಿಗಳು ಬೇಕಾದಷ್ಟಿವೆ. ಬಲೆಯ ಮನೆಯೊಳಗೆ ಹೆಣ್ಣುಮಕ್ಕಳು ಟೊಮ್ಯಾಟೊ ಹೂವಿನ ಗಂಡು ಭಾಗವನ್ನು ಚಿಮಟದಿಂದ ಕಿತ್ತು, ಬೇರೆ ಗಿಡದ ಪರಾಗ ಮುಟ್ಟಿಸಿ, ಗುರುತಿಗೆ ದಾರ ಕಟ್ಟುತ್ತಾರೆ. ನಾನು ವಾರಕ್ಕೊಮ್ಮೆ ಹೋಗಿ ಕಾಯಿ ಕೊಯ್ದು ಬೀಜ ನೋಡಬೇಕು. ಬಲಿತಿದೆಯಾ, ಎಷ್ಟು ಹಿಡಿದಿದೆ, ಒಳಗೆ ಕೊಳೆತಿದೆಯಾ. ದಿನಕ್ಕೆ ಮೂವತ್ತು ನಲವತ್ತು ಟೊಮ್ಯಾಟೊ, ಮೆಣಸಿನಕಾಯಿ, ಸೌತೆ, ಒಮ್ಮೊಮ್ಮೆ ಕಲ್ಲಂಗಡಿ. ಜೊತೆಗೆ ಚೀಲದ ಸುತಳಿ, ಪ್ಯಾಕೆಟ್ಟಿನ ಬಾಯಿ, ಲೇಬಲ್ಲಿನ ಪಟ್ಟಿ. ಮಧ್ಯಾಹ್ನ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಿದಾಗ ಒಂದು ಸೌತೆಕಾಯಿ. ಉಳ್ಳಾಗಡ್ಡಿಗೆ ಚಾಕು ಬೇಡ. ರೊಟ್ಟಿ ಜೊತೆ ಉಳ್ಳಾಗಡ್ಡಿಯನ್ನು ಚಾಕುವಿನಿಂದ ಹೆಚ್ಚಿದ್ರೆ ಹೊಲದವರು ನಗ್ತಾರೆ. ಅದನ್ನು ಮುಷ್ಟಿಯಿಂದ ಗುದ್ದಿಯೇ ತಿನ್ನಬೇಕು.

ಮೊದಲು ನನ್ನ ಹತ್ತಿರ ಆನ್‌ಲೈನಲ್ಲಿ ತರಿಸಿದ ಒಂದು ಲಾಕ್ ಚಾಕು ಇತ್ತು. ಹೆಸರು ಬೇಡ. ಕರ್ರಗೆ ಬಣ್ಣ, ಕ್ಲಿಪ್ಪು, ಒಂದು ಬೆರಳಲ್ಲಿ ತಟ್ಟಿದ್ರೆ ಟಕ್ ಅಂತ ತೆರೆಯೋದು. ಆ ಟಕ್ ಸದ್ದಿಗೆ ಮನಸೋತೇ ತರಿಸಿದ್ದು, ಸುಳ್ಳು ಯಾಕೆ ಹೇಳಲಿ. ಅದರ ಹಿಡಿಯೊಳಗೆ ಒಂದು ತೆಳು ಉಕ್ಕಿನ ಪಟ್ಟಿ ಇರುತ್ತೆ. ಅಲಗು ಪೂರ್ತಿ ತೆರೆದಾಗ ಆ ಪಟ್ಟಿ ಪಕ್ಕಕ್ಕೆ ಚಿಮ್ಮಿ ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತೆ. ಇದಕ್ಕೆ ಲೈನರ್ ಲಾಕ್ ಅಂತಾರೆ. ಪೇಟೆಯಲ್ಲಿ ಕೊರಿಯರ್ ಡಬ್ಬಿ ಒಡೆಯೋಕೆ ಛಲೋ. ಆದ್ರೆ ನಾನು ಅದನ್ನು ಟೊಮ್ಯಾಟೊದೊಳಗೆ ಮುಳುಗಿಸಿದೆ. ಟೊಮ್ಯಾಟೊ ಲೋಳೆ ಒಳಗೆ ಹೋಯ್ತು. ಲೋಳೆಗೆ ಬೀಜ ಅಂಟಿತು. ಬೀಜಕ್ಕೆ ಮಣ್ಣು ಅಂಟಿತು. ಎರಡು ದಿನದಲ್ಲಿ ಎಲ್ಲ ಒಣಗಿ ಪಟ್ಟಿ ಅರ್ಧಕ್ಕೇ ನಿಂತುಬಿಡುತ್ತಿತ್ತು. ಲಾಕ್ ಬಿತ್ತು ಅಂತ ನಾನು ಅಂದುಕೊಳ್ಳೋದು, ಅದು ಬಿದ್ದಿರುತ್ತಿರಲಿಲ್ಲ. ಬಿಚ್ಚಿ ತೊಳೆಯೋಣ ಅಂದ್ರೆ ನಕ್ಷತ್ರದ ತಲೆಯ ಸಣ್ಣ ಸ್ಕ್ರೂ. ಅದಕ್ಕೊಂದು ಬೇರೆ ಸ್ಕ್ರೂಡ್ರೈವರು. ವಾರಕ್ಕೊಂದು ರಾತ್ರಿ ಹಳೆ ಹಲ್ಲುಜ್ಜೋ ಬ್ರಶ್ ಹಿಡಿದು ಚಾಕುವಿನ ಸೇವೆ. ಅವ್ವ ನೋಡಿ ನೋಡಿ ಒಂದಿನ ಅಂದಳು, ‘ಮನಿ ಕೆಲಸಕ್ಕ ಇಷ್ಟ ಕುಂತಿದ್ರ ಪಾಡಿತ್ತು.’

ಆ ಹೊತ್ತಿಗೇ ಪರಿಚಯದವರೊಬ್ಬರು ಗೋಕುಲ ರೋಡಿನ ಕಡೆ ಚಾಕು ಮಾಡೋ ಒಬ್ಬ ಹುಡುಗ ಇದ್ದಾನೆ ಅಂದ್ರು. ಹಗಲು ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸ. ರಾತ್ರಿ ತಗಡಿನ ಶೆಡ್ಡಿನಲ್ಲಿ ಚಾಕು. ಹೋದೆ. ನನ್ನ ಪಾಡನ್ನೆಲ್ಲ ಹೇಳಿದೆ. ಅವನು ಮಾತಾಡದೆ ಹಲಗೆಯಿಂದ ಒಂದು ಸಣ್ಣ ಚಾಕು ತೆಗೆದು ನನ್ನ ಕೈಗಿಟ್ಟ. ಅದಕ್ಕೆ ಲಾಕ್ ಇಲ್ಲ. ಸ್ಪ್ರಿಂಗ್ ಇಲ್ಲ. ಮಡಚಿದಾಗ ಹಿಡಿಯ ಹಿಂದೆ ಎರಡು ಸೆಂಟಿಮೀಟರಿನಷ್ಟು ಒಂದು ಕಬ್ಬಿಣದ ಬಾಲ ಚಾಚಿಕೊಂಡಿತ್ತು.

ಇದನ್ನೇ ಫ್ರಿಕ್ಷನ್ ಫೋಲ್ಡರ್ ಅಂತಾರೆ. ಕನ್ನಡದಲ್ಲಿ ಘರ್ಷಣೆ ಅಂತೆಲ್ಲ ಸೇರಿಸಿ ಒಂದು ಹೆಸರು ಕಟ್ಟೋಣ ಅಂತ ನೋಡಿದೆ, ಯಾವುದೋ ಪರೀಕ್ಷೆಯ ಪ್ರಶ್ನೆ ಥರ ಕೇಳಿಸಿತು. ಅವ್ವ ಮೊದಲ ಸಲ ನೋಡಿದಾಗಲೇ ‘ಇದಕ್ಕ ಬಾಲ ಐತಲ್ಲೋ’ ಅಂದಳು. ಬಾಲದ ಚಾಕು ಅನ್ನೋ ಹೆಸರು ಹಾಗೆ ನಿಂತಿತು.

ಅದು ಕೆಲಸ ಮಾಡೋ ರೀತಿ ಹೇಳಿದ್ರೆ ಇಷ್ಟೇನಾ ಅನ್ನಿಸುತ್ತೆ. ಅಲಗು ಒಂದು ಕೀಲಿನ ಮೇಲೆ ತಿರುಗುತ್ತೆ. ಹಿಡಿಯ ಎರಡು ಹಲಗೆಗಳು ಅಕ್ಕಪಕ್ಕದಿಂದ ಅದನ್ನು ಅಮುಕಿ ಹಿಡಿದಿರುತ್ತವೆ. ಆ ಬಿಗಿಯೇ ಎಲ್ಲ. ಬಾಲವನ್ನು ಹೆಬ್ಬೆರಳಿಂದ ಒತ್ತಿದ್ರೆ ಅಲಗು ಹೊರಗೆ ಬರುತ್ತೆ. ಪೂರ್ತಿ ತೆರೆದಾಗ ಬಾಲ ತಿರುಗಿ ಬಂದು ಹಿಡಿಯ ಬೆನ್ನ ಮೇಲೆ ಮಲಗುತ್ತೆ, ಒಂದು ಮೊಳೆಗೆ ತಾಗಿ ನಿಲ್ಲುತ್ತೆ. ಈಗ ನೀವು ಚಾಕುವನ್ನು ಮುಷ್ಟಿಯಲ್ಲಿ ಹಿಡಿದಿರಿ ಅಂದ್ರೆ ಬಾಲವನ್ನೂ ಹಿಡಿದಿರಿ ಅಂತಲೇ ಅರ್ಥ. ಬಾಲ ನಿಮ್ಮ ಅಂಗೈ ಕೆಳಗೆ ಇರೋತನಕ ಅಲಗು ಮಡಚಿಕೊಳ್ಳೋದು ಹೇಗೆ? ಏನನ್ನಾದರೂ ಕೊಯ್ಯುವಾಗ ಒತ್ತಡ ಅಲಗನ್ನು ಇನ್ನೂ ಹಿಂದಕ್ಕೆ, ತೆರೆಯೋ ಕಡೆಗೇ ತಳ್ಳುತ್ತೆ. ಮಡಚೋ ಕಡೆ ತಳ್ಳೋದು ಎರಡೇ ಸಂದರ್ಭದಲ್ಲಿ. ತುದಿಯಿಂದ ಚುಚ್ಚಿದಾಗ, ಇಲ್ಲಾ ಅಲಗಿನ ಬೆನ್ನಿಗೆ ಏಟು ಬಿದ್ದಾಗ. ಲಾಕ್ ಅನ್ನೋದು ಇಲ್ಲ ಅಂತಲ್ಲ. ಹಿಡಿದವನ ಕೈಯೇ ಲಾಕ್.

‘ನಿಮಗ ಇದ ಬೇಕ್ರಿ’ ಅಂದ ಹುಡುಗ. ‘ಒಳಗ ಏನೂ ಇಲ್ಲ. ಏನೂ ಇಲ್ಲಂದ್ರ ಏನೂ ಕೆಡಂಗಿಲ್ಲ. ನಳದ ಕೆಳಗ ಹಿಡೀರಿ, ನೀರು ಈ ಕಡೆ ಹೊಕ್ಕು ಆ ಕಡೆ ಹೊಂಟಹೋಕ್ಕತಿ.’

ಅದನ್ನು ಕೈಯಲ್ಲಿ ಹಿಡಿದಾಗ ಎಲ್ಲೋ ನೋಡಿದ್ದೀನಿ ಅನ್ನಿಸಿತು. ಮನೆಗೆ ಬರೋ ದಾರಿಯಲ್ಲಿ, ಹೊಸೂರು ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನಿಂತಾಗ ನೆನಪಾಯ್ತು. ನಮ್ಮೂರು ಗದಗ ಜಿಲ್ಲೆಯದು, ಮುಂಡರಗಿ ಕಡೆ. ಅಲ್ಲಿ ಚಾವಡಿ ಮುಂದಿನ ಬೇವಿನ ಗಿಡದ ಕೆಳಗೆ ಕ್ಷೌರದ ಕಾಕಾ ಕೂರುತ್ತಿದ್ದ. ಅವನ ಕೈಯಲ್ಲಿದ್ದದ್ದು ಇದೇ ಚಾಕು! ಕೋಡಿನ ಹಿಡಿ, ಅದರೊಳಗೆ ಮಡಚಿಕೊಳ್ಳೋ ಅಗಲ ಅಲಗು, ಅಲಗಿನ ಹಿಂದೆ ಮೇಲಕ್ಕೆ ಬಾಗಿದ ಸಣ್ಣ ಬಾಲ. ಬಾಲದ ಮೇಲೆ ಕಿರುಬೆರಳು ಇಟ್ಟು ಅವನು ಕ್ಷೌರ ಮಾಡುತ್ತಿದ್ದ. ಕಿಟಕಿಯ ಸರಳಿಗೆ ಕಟ್ಟಿದ ಚರ್ಮದ ಪಟ್ಟಿಗೆ ಚಟ್ ಚಟ್ ಅಂತ ಎರಡೂ ಮಗ್ಗುಲು ಉಜ್ಜಿ, ಅಪ್ಪನ ಗದ್ದ ಎತ್ತಿ ಗಂಟಲ ಮೇಲೆ ಅಲಗು ಇಡುತ್ತಿದ್ದ. ಆ ಕತ್ತಿಗೆ ಲಾಕೂ ಇರಲಿಲ್ಲ, ಸ್ಪ್ರಿಂಗೂ ಇರಲಿಲ್ಲ. ಅಪ್ಪ ಕಣ್ಣು ಮುಚ್ಚಿಕೊಂಡು ಊರ ಸುದ್ದಿ ಕೇಳುತ್ತಿದ್ದ. ಲಾಕ್ ಇಲ್ಲದ ಚಾಕು ಅಪಾಯ ಅಂತ ಯಾರಾದರೂ ಹೇಳಿದ್ರೆ ನನಗೆ ಅಪ್ಪನ ಮುಚ್ಚಿದ ಕಣ್ಣು ನೆನಪಾಗುತ್ತೆ. ಈಗ ಸಲೂನುಗಳಲ್ಲಿ ಅರ್ಧ ಬ್ಲೇಡು ಸಿಕ್ಕಿಸೋ ಕತ್ತಿ ಬಂದಿದೆ. ಅದರ ಆಕಾರ, ಮಡಚೋ ರೀತಿ ಮಾತ್ರ ಅದೇ.

ಹೊರದೇಶದಲ್ಲೂ ಇದು ಬಡವರ ಚಾಕುವೇ. ಹುಡುಗನ ಶೆಡ್ಡಿನಲ್ಲಿ ಎರಡು ಹೊರಗಿನ ಚಾಕುಗಳಿದ್ದವು, ಬಿಚ್ಚಿ ಕಲಿಯೋಕೆ ತರಿಸಿಕೊಂಡದ್ದು. ಒಂದು ಜಪಾನಿನ ಹಿಗೊನೊಕಾಮಿ. ಮಿಕಿ ಅನ್ನೋ ಊರಿನಲ್ಲಿ 1890ರ ದಶಕದಿಂದ ಮಾಡ್ತಾರೆ. ಒಂದು ತಗಡನ್ನು ಮಡಚಿದ್ರೆ ಅದೇ ಹಿಡಿ. ಬಾಲಕ್ಕೆ ಅವರು ಚಿಕಿರಿ ಅಂತಾರೆ. ಜಪಾನಿನ ಶಾಲಾ ಹುಡುಗರೆಲ್ಲ ಪೆನ್ಸಿಲ್ ಚೂಪು ಮಾಡೋಕೆ ಇದನ್ನೇ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ ಕಾಲ ಒಂದಿತ್ತು. 1960ರಲ್ಲಿ ಅಲ್ಲಿ ಒಬ್ಬ ರಾಜಕಾರಣಿಯನ್ನು ವೇದಿಕೆ ಮೇಲೇ ಕತ್ತಿಯಿಂದ ಇರಿದು ಕೊಂದರು. ಆಮೇಲೆ ಮಕ್ಕಳ ಕೈಗೆ ಚಾಕು ಬೇಡ ಅನ್ನೋ ಚಳವಳಿ ಎದ್ದಿತು, ಹಿಗೊನೊಕಾಮಿ ಜೇಬಿನಿಂದ ಮಾಯವಾಯ್ತು. ಕೊಂದದ್ದು ಈ ಚಾಕುವಲ್ಲ, ಅದು ಬೇರೆಯೇ ಕತ್ತಿ. ಆದ್ರೂ ಹೆಸರು ಕೆಟ್ಟಿತು. ಪೇಪರು, ಇರಿತ, ಅದೇ ಕಥೆ.

ಇನ್ನೊಂದು ಫ್ರಾನ್ಸಿನ ಒಪಿನೆಲ್. ಆಲ್ಪ್ಸ್ ಬೆಟ್ಟದ ಸವೋಯ್ ಪ್ರಾಂತ್ಯದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಶುರು ಮಾಡಿದ್ದು. ಮರದ ಹಿಡಿ, ಒಂದು ಕೀಲು, ಒಂದು ಅಲಗು. ಈಗ ಅದರ ಕುತ್ತಿಗೆಗೆ ತಿರುಗಿಸೋ ಒಂದು ಉಂಗುರ ಇರುತ್ತೆ, ಅದೇ ಲಾಕು. ಆದ್ರೆ ಆ ಉಂಗುರ ಬಂದದ್ದು 1955ರಲ್ಲಿ. ಅಂದ್ರೆ 65 ವರ್ಷ ಅಲ್ಲಿನ ರೈತರು ಲಾಕಿಲ್ಲದ ಚಾಕುವಿನಲ್ಲೇ ರೊಟ್ಟಿ, ಚೀಸು ಕೊಯ್ದು ತಿಂದಿದ್ದಾರೆ. ಸಣ್ಣ ಅಳತೆಯವಕ್ಕೆ ಈಗಲೂ ಉಂಗುರ ಇಲ್ಲ.

ನನ್ನ ಚಾಕುವಿಗೆ ಬರ್ತೀನಿ. ಅಲಗು ಏಳೂವರೆ ಸೆಂಟಿಮೀಟರು, ಬೆನ್ನಿನ ದಪ್ಪ ಎರಡೂವರೆ ಮಿಲಿಮೀಟರು. ಉಕ್ಕು ಇಎನ್-31, ಅಂದ್ರೆ ಬೇರಿಂಗಿಗೆ ಬಳಸೋದು. ಶೇಕಡಾ 1ರ ಹತ್ತಿರ ಇಂಗಾಲ, ಒಂದೂವರೆಯಷ್ಟು ಕ್ರೋಮಿಯಂ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಆಗಬೇಕಾದ್ರೆ ಕ್ರೋಮಿಯಂ ಹತ್ತೂವರೆಯಾದರೂ ಬೇಕು. ಹಾಗಾಗಿ ಇದು ತುಕ್ಕು ಹಿಡಿಯೋ ಉಕ್ಕೇ. ಹಿಡಿಗೆ ಕರಿಜಾಲಿ. ಬಿಡಿಸಿ ಹರವಿದ್ರೆ ಎಂಟೇ ತುಂಡು: ಅಲಗು, ಎರಡು ಹಲಗೆ, ಎರಡು ಕಂಚಿನ ವಾಷರು, ಕೀಲು, ಎರಡು ಹಿತ್ತಾಳೆ ಮೊಳೆ.

ಹದ ಕೊಡೋ ರಾತ್ರಿ ಹುಡುಗ ನನ್ನನ್ನು ಕರೆದಿದ್ದ. ಸಣ್ಣ ಗ್ಯಾಸ್ ಕುಲುಮೆ. ದೀಪ ಆರಿಸಿದ. ಬಣ್ಣ ಸರಿಯಾಗಿ ಕಾಣಬೇಕು ಅಂದ್ರೆ ಕತ್ತಲು ಬೇಕಂತೆ. ಅಲಗು ಮೊದಲು ಕಂದು ಕೆಂಪು, ಆಮೇಲೆ ಹಣ್ಣು ಮೆಣಸಿನಕಾಯಿ ಕೆಂಪು. ನಡುನಡುವೆ ಇಕ್ಕಳದಲ್ಲಿ ಹೊರಗೆ ತೆಗೆದು ಅಯಸ್ಕಾಂತಕ್ಕೆ ಮುಟ್ಟಿಸುತ್ತಿದ್ದ. 770 ಡಿಗ್ರಿ ಆಸುಪಾಸು ಕಬ್ಬಿಣ ಅಯಸ್ಕಾಂತಕ್ಕೆ ಅಂಟೋದು ಬಿಡುತ್ತೆ. ಬಿಟ್ಟ ಮೇಲೆ ಇನ್ನೂ ಸ್ವಲ್ಪ ಕಾಯಿಸಿ, ಎಣ್ಣೆಯ ಡಬ್ಬಿಗೆ ನೇರ ಇಳಿಸಿದ. ಬುಸ್ ಅಂತ ಹೊಗೆ. ಎಣ್ಣೆ ಆರಿದ ಅಲಗಿನ ಮೇಲೆ ಅರ ಎಳೆದು ತೋರಿಸಿದ. ಗಾಜಿನ ಮೇಲೆ ಎಳೆದ ಹಾಗೆ ಅರ ಜಾರಿತು, ಒಂದು ಗೀರೂ ಬೀಳಲಿಲ್ಲ. ‘ಈಗ ಕೆಳಗ ಬಿದ್ರ ಬಳಿ ಒಡದಂಗ ಒಡೀತೈತಿ’ ಅಂದ. ಅದಕ್ಕೇ ಆಮೇಲೆ ಓವನ್ನಿನಲ್ಲಿ 200 ಡಿಗ್ರಿಯಲ್ಲಿ ಎರಡು ಸಲ, ಎರಡೆರಡು ತಾಸು. ಆಗ ಉಕ್ಕಿನ ಸಿಟ್ಟು ಇಳಿಯುತ್ತೆ.

ಇದಕ್ಕೆ ಅವನು ಹೀಟ್ ಟ್ರೀಟ್‌ಮೆಂಟ್ ಅಂದ. ನಮ್ಮೂರ ಕಮ್ಮಾರ ನೀರು ಕುಡಿಸೋದು ಅಂತಾನೆ. ನನಗೆ ಎರಡನೆಯದೇ ಇಷ್ಟ. ಹೆಸರಿನ ಮಾತು ಬಂತು ಅಂತ ಒಂದು ಅಡ್ಡದಾರಿ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಅನ್ನೋ ವೈದ್ಯ ಭಾರತದಿಂದ ಬಂದ ಉಕ್ಕಿನ ಗಟ್ಟಿಗಳ ಮೇಲೆ ಪ್ರಬಂಧ ಓದಿದ. ಅದನ್ನು ಅವರು ವುಟ್ಸ್ ಅಂತ ಬರೆದುಕೊಂಡರು. ಅದು ನಮ್ಮ ಉಕ್ಕು ಅನ್ನೋ ಪದವೇ ಕೆಟ್ಟು ಆದದ್ದು ಅಂತ ಬಹಳ ವಿದ್ವಾಂಸರ ಅಭಿಪ್ರಾಯ. ಆಮೇಲೆ ಮೈಕಲ್ ಫ್ಯಾರಡೇ ಅದರ ಗುಟ್ಟು ಹುಡುಕೋಕೆ ವರ್ಷಗಟ್ಟಲೆ ಕೂತ. ಅವನ ಜೊತೆಗಾರ ಜೇಮ್ಸ್ ಸ್ಟೋಡಾರ್ಟ್ ಏನು ಮಾಡುತ್ತಿದ್ದ ಗೊತ್ತಾ? ಲಂಡನ್ನಿನಲ್ಲಿ ಚಾಕು, ಶಸ್ತ್ರಚಿಕಿತ್ಸೆಯ ಕತ್ತಿ ಮಾಡಿ ಮಾರುತ್ತಿದ್ದ. ನಮ್ಮ ಉಕ್ಕೇ ಅವನಿಗೆ ಪ್ರೀತಿ. ಈಗ ನಾವು ಚಾಕುವಿನ ಉಕ್ಕಿಗೆ ಇಂಗ್ಲಿಷ್ ನಂಬರು ಕೇಳಿ ಕೊಳ್ತೀವಿ.

ಕೀಲು ಕೂರಿಸೋದು ಕೊನೆಯ ಕೆಲಸ, ಮತ್ತೆ ಅದೇ ನಿಜವಾದ ಕೆಲಸ. ಸ್ಕ್ರೂ ಹಾಕಬಹುದಿತ್ತು. ಆದ್ರೆ ಬೈಕಿನ ಅಲುಗಾಟಕ್ಕೆ ಸ್ಕ್ರೂ ಸಡಿಲ ಆಗುತ್ತೆ ಅಂತ ನಾನೇ ಬೇಡ ಅಂದೆ. ಹಾಗಾಗಿ ಮೊಳೆ. ತುದಿಯನ್ನು ಗುಂಡು ತಲೆಯ ಸಣ್ಣ ಸುತ್ತಿಗೆಯಿಂದ ಬಡಿದು ಅಣಬೆ ಥರ ಅರಳಿಸಬೇಕು. ಎರಡು ಏಟು, ತೆರೆದು ನೋಡೋದು. ಒಂದು ಏಟು, ತೆರೆದು ನೋಡೋದು. ಜಾಸ್ತಿಯಾದ್ರೆ ಅಲಗು ಅಲುಗಲ್ಲ. ಕಡಿಮೆಯಾದ್ರೆ ಜೇಬಿನಲ್ಲೇ ಬಾಯಿ ಬಿಡುತ್ತೆ. ಅವನು ಒಂದು ಏಟು ಹಾಕಿ ಕಿವಿಯ ಹತ್ತಿರ ಹಿಡಿದು ಮಡಚುತ್ತಿದ್ದ. ಏನು ಕೇಳಿಸುತ್ತೆ ಅಂದೆ. ‘ಕೇಳ್ಸಬಾರ್ದು, ಅದನ್ನ ಕೇಳಾಕತ್ತೀನ್ರಿ’ ಅಂದ. ಒಂದು ತಾಸು ಇದೇ ಆಯ್ತು. ಕೊನೆಗೆ ಮಡಚಿದ ಚಾಕುವನ್ನು ಹಿಡಿದು ಜೋರಾಗಿ ಝಾಡಿಸಿದ. ಅಲಗು ಅಲುಗಲಿಲ್ಲ. ಹೆಬ್ಬೆರಳಲ್ಲಿ ಬಾಲ ಒತ್ತಿದ. ಬೆಣ್ಣೆಯಿಂದ ಬಂದ ಹಾಗೆ ಬಂತು.

ಆರೇಳು ತಿಂಗಳ ಬಳಕೆಯ ಮೇಲೆ ಹೇಳೋದಾದ್ರೆ, ಹೊಲದ ಕೆಲಸಕ್ಕೆ ಇದಕ್ಕಿಂತ ಅನುಕೂಲದ ಮಡಚೋ ಚಾಕು ನಾನು ಕಂಡಿಲ್ಲ. ಟೊಮ್ಯಾಟೊ ಆದ ಮೇಲೆ ನಳದ ಕೆಳಗೆ ಹಿಡೀತೀನಿ, ಲುಂಗಿಗೋ ಪ್ಯಾಂಟಿಗೋ ಒರೆಸ್ತೀನಿ, ಮುಗೀತು. ರಾತ್ರಿ ಒಂದು ಹನಿ ಕೊಬ್ಬರಿ ಎಣ್ಣೆ. ಅಲಗು ಈಗ ಬೆಳ್ಳಗಿಲ್ಲ. ಟೊಮ್ಯಾಟೊ ಹುಳಿ, ನಿಂಬೆ ಹುಳಿ ಕುಡಿದು ಬೂದಿ, ನೀಲಿ, ಮೋಡದ ಬಣ್ಣ ಆಗಿದೆ. ಆ ಪದರ ಬಂದ ಮೇಲೆ ಕೆಂಪು ತುಕ್ಕು ಹತ್ತಿರ ಸುಳಿಯೋದು ಕಡಿಮೆ. ನವಲೂರಿನ ಪೇರಲ, ಮೇ ತಿಂಗಳ ಆಪೂಸು, ಎಲ್ಲದರದ್ದೂ ಒಂದೊಂದು ಕಲೆ ಇದೆ ಅಂತ ನನ್ನ ಮಗಳು ತೋರಿಸ್ತಾಳೆ. ಇದು ಅವಳ ಕಲ್ಪನೆ, ಆದ್ರೆ ನಾನು ಬೇಡ ಅನ್ನಲ್ಲ.

ಇನ್ನೊಂದು ಅನುಕೂಲ ನಾನು ಯೋಚಿಸಿರಲಿಲ್ಲ. ಈ ಚಾಕು ನಿಧಾನಕ್ಕೆ ತೆರೆಯುತ್ತೆ. ಎರಡೂ ಕೈ ಬೇಕು, ಟಕ್ ಸದ್ದು ಇಲ್ಲ. ಹಳೆಯದನ್ನು ತೆಗೆದಾಗ ಹೊಲದಲ್ಲಿ ಹೆಣ್ಣುಮಕ್ಕಳು ಮಾತು ನಿಲ್ಲಿಸಿ ನೋಡುತ್ತಿದ್ದರು. ಇದನ್ನು ತೆಗೆದ್ರೆ ಯಾರೂ ತಲೆ ಎತ್ತಲ್ಲ. ಅಜ್ಜನ ಅಡಕತ್ತಿನ ಸಾಲಿಗೆ ಸೇರಿತು ಅಂತ ನನಗೆ ಖುಷಿ. ಕಾನೂನಿನ ಮಾತು ಕೇಳೋರಿಗೆ: ಶಸ್ತ್ರಾಸ್ತ್ರ ನಿಯಮಗಳು ಹೆಸರಿಸೋದು 9 ಇಂಚಿಗಿಂತ ಉದ್ದ ಇಲ್ಲಾ 2 ಇಂಚಿಗಿಂತ ಅಗಲದ ಅಲಗುಗಳನ್ನು. ಅದರಲ್ಲೂ ಮನೆ, ಹೊಲದ ಕೆಲಸದವು ಹೊರತು. ನನ್ನದು 3 ಇಂಚೂ ಇಲ್ಲ. ಆದ್ರೆ ವಿಮಾನದ ಕೈಚೀಲದಲ್ಲಿ ಇಟ್ಟುಕೊಂಡು ಹೋಗಿ ನನಗೆ ಬೈಯಬೇಡಿ.

ದೋಷ ಇಲ್ವಾ? ಇದೆ. ಬೆರಳಲ್ಲಿ ಗುರುತೂ ಇದೆ.

ಕಟ್ಟಿಗೆಗೆ ಜೀವ ಇರುತ್ತೆ ಅಂತಾರಲ್ಲ, ಅದು ಕೀಲಿಗೆ ಚೆನ್ನಾಗಿ ಗೊತ್ತು. ಹಸಿ ಹವೆಗೆ ಹಿಡಿಯ ಹಲಗೆ ಉಬ್ಬುತ್ತೆ, ಕೀಲು ಬಿಗಿ. ಒಣ ಹವೆಗೆ ಹಲಗೆ ಕುಗ್ಗುತ್ತೆ, ಕೀಲು ಸಡಿಲ. ದೀಪಾವಳಿ ಹೊತ್ತಿಗೆ ಇನ್ನೂ ಮಳೆಯ ತೇವ ಇತ್ತು, ಆಗ ಕೂರಿಸಿದ ಕೀಲು. ಒಪಿನೆಲ್ಲಿಗೂ ಇದೇ ರೋಗ. ಹಿಡಿ ಉಬ್ಬಿ ಅಲಗು ಸಿಕ್ಕಿಕೊಂಡಾಗ ಸವೋಯ್ ಜನ ಹಿಡಿಯ ಹಿಂದಿನ ತುದಿಯನ್ನು ಮೇಜಿಗೆ ಒಂದು ಸಲ ಕುಟ್ಟುತ್ತಾರೆ. ಅಲಗು ತಾನಾಗಿ ಒಂದಿಷ್ಟು ಹೊರಗೆ ಇಣುಕುತ್ತೆ. ನನ್ನದು ಉಲ್ಟಾ ಆಯ್ತು. ಮಾರ್ಚ್, ಏಪ್ರಿಲ್ ಮುಗಿಯೋ ಹೊತ್ತಿಗೆ ಗದಗ ಸೀಮೆಯ ಬಿಸಿಲಿಗೆ ಜಾಲಿ ಒಣಗಿ ಕುಗ್ಗಿತು. ಚಾಕು ಜೇಬಿನಲ್ಲಿ ಸಣ್ಣಗೆ ಗಲಗಲ ಅನ್ನೋಕೆ ಶುರು ಮಾಡಿತು. ನಾನು ಕೇಳಿಸಿಕೊಂಡೆ, ಸುಮ್ನಾದೆ.

ಒಂದು ಮಧ್ಯಾಹ್ನ ಊರ ಹೊಲದಲ್ಲಿ ತಮ್ಮ ಡ್ರಿಪ್ ಪೈಪು ಎಳೆಯುತ್ತಿದ್ದ. ಪೈಪಿಗೆ ತೂತು ಮಾಡೋ ಸಾಮಾನು ಮನೆಯಲ್ಲೇ ಮರೆತಿದ್ದ. ತಾ ಇಲ್ಲಿ ಅಂತ ನಾನು ಚಾಕು ತೆಗೆದೆ. ತುದಿಯನ್ನು ಪೈಪಿಗೆ ಇಟ್ಟು ಒತ್ತಿದೆ. ಚೆನ್ನಾಗಿ ಒತ್ತು ಬೀಳಲಿ ಅಂತ ಅಂಗೈಯನ್ನು ಹಿಡಿಯ ಹಿಂದಿನ ತುದಿಗೆ ಜರುಗಿಸಿದೆ. ಅಂದ್ರೆ ಬಾಲ ಬಿಟ್ಟೆ. ಚುಚ್ಚಬಾರದ ಚಾಕುವಿನಿಂದ ಚುಚ್ಚಿದೆ, ಹಿಡಿಯಬೇಕಾದ್ದನ್ನು ಬಿಟ್ಟೆ, ಸಡಿಲ ಕೀಲು ಬೇರೆ. ಅಲಗು ಮಡಚಿಕೊಂಡು ಬಂದು ತೋರುಬೆರಳಿನ ಎರಡನೇ ಗೆಣ್ಣಿನ ಮೇಲೆ ಕೂತಿತು. ನೋವು ಆಮೇಲೆ ಬಂತು, ಮೊದಲು ಬಂದದ್ದು ನಾಚಿಕೆ. ಮೂರು ಹೊಲಿಗೆ. ತಮ್ಮ ಬೆರಳಿಗೆ ಟವೆಲ್ ಸುತ್ತುತ್ತಾ ಕೇಳಿದ್ದು ಒಂದೇ ಮಾತು, ‘ಇದನ್ನ ರೊಕ್ಕಾ ಕೊಟ್ಟು ತಂದೀಯೇನ?’

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ದುರ್ಗದ ಬೈಲಿನಲ್ಲಿ 60 ರೂಪಾಯಿಗೆ ಚಾಕು ಸಿಗುತ್ತೆ, ಕೊಯ್ಯುತ್ತೆ. ನಾನು ಕೊಟ್ಟದ್ದು ಅದರ ನೂರು ಪಟ್ಟಿಗಿಂತ ಜಾಸ್ತಿ. ನೂರು ಪಟ್ಟು ಚೆನ್ನಾಗಿ ಕೊಯ್ಯುತ್ತಾ? ಇಲ್ಲ. ಹುಡುಗನ ಮೂವತ್ತು ನಲವತ್ತು ತಾಸಿನ ಕೆಲಸಕ್ಕೆ, ಉಕ್ಕು, ಗ್ಯಾಸು, ಸಾಣೆ ಬೆಲ್ಟು ಕಳೆದು ಲೆಕ್ಕ ಹಾಕಿದ್ರೆ ಅವನಿಗೆ ಉಳಿದದ್ದು ಗೌಂಡಿಯ ಪಗಾರಕ್ಕಿಂತ ಕಡಿಮೆ. ಹಾಗಾಗಿ ಅವನಿಗೆ ಕೊಟ್ಟದ್ದು ಜಾಸ್ತಿ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ನನ್ನನ್ನು ಕುಟುಕೋದು ಬೇರೆ. ನಮ್ಮೂರ ಕಮ್ಮಾರ ಮಾಡೋ ಕುಡಗೋಲೂ ಕೈಯಲ್ಲೇ ಮಾಡಿದ್ದು. ಲಾರಿಯ ಹಳೆ ಸ್ಪ್ರಿಂಗ್ ಪಾಟಾ ಕಡಿದು, ಕಾಯಿಸಿ, ಬಡಿದು, ನೀರು ಕುಡಿಸಿ, ನನ್ನ ತಮ್ಮನ ಕೈ ಅಳತೆ ನೋಡಿ ಹಿಡಿ ಹಾಕಿದ್ದು. ಇದಕ್ಕಿಂತ ಕಸ್ಟಮ್ ಇನ್ನೇನು? ಅದರ ಬೆಲೆ 250 ಅಂದ್ರೆ 200ಕ್ಕೆ ಕೊಡು ಅಂತ ಚೌಕಾಸಿ ಮಾಡಿದವನು ನಾನೇ. ಅಜ್ಜನ ಕಾಲದಲ್ಲಿ ಅದೂ ಇಲ್ಲ. ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಆಯ ಅಂತ ಇಷ್ಟು ಜೋಳ ಅಳೆದು ಕೊಟ್ಟರೆ ವರ್ಷ ಪೂರ್ತಿ ಕುಂಟಿ, ಕೂರಿಗೆ, ಕೊಡಲಿ ಎಲ್ಲ ಅವನದೇ ಹೊಣೆ. ಹ್ಯಾಂಡ್‌ಮೇಡ್ ಅನ್ನೋ ಮಾತಿಗೆ ನಾನು 6,500 ಕೊಟ್ಟೆ. ಕೈಯಲ್ಲಿ ಮಾಡಿದ್ದಕ್ಕೆ 50 ಕಡಿಮೆ ಮಾಡಿಸಿದೆ.

ಹೊಲಿಗೆ ಬಿಚ್ಚಿದ ಮೇಲೆ ಹುಬ್ಬಳ್ಳಿಗೆ ಹೋಗಿ ಹುಡುಗನ ಹತ್ತಿರ ಕೀಲು ಬಿಗಿ ಮಾಡಿಸಬೇಕಿತ್ತು. ಆದ್ರೆ ಅವತ್ತು ಊರಲ್ಲೇ ಇದ್ದೆ. ರೋಹಿಣಿ ಮಳೆಗೆ ಮುಂಚಿನ ದಿನಗಳು. ಕಮ್ಮಾರನ ಕುಲುಮೆ ಮುಂದೆ ಕುಂಟಿಯ ಕುಡ, ಅಂದ್ರೆ ಅದರ ಕಬ್ಬಿಣದ ಅಲಗು, ಹಣಿಸೋಕೆ ಬಂದವರ ಸಾಲು. ಹೋಗಲೋ ಬೇಡವೋ ಅಂತ ಎರಡು ಸಲ ಆ ಕಡೆ ಈ ಕಡೆ ಅಡ್ಡಾಡಿ ಕೊನೆಗೆ ಹೋದೆ.

ಅವನು ಚಾಕುವನ್ನು ತೆಗೆದುಕೊಂಡು ಮೊದಲು ನೋಡಿದ್ದು ಅಲಗನ್ನಲ್ಲ. ಹಿಡಿಯ ಕಟ್ಟಿಗೆಯನ್ನು ಉಗುರಿಂದ ಗೀರಿದ. ‘ಜಾಲಿ’ ಅಂದ. ಕೀಲಿನ ಎರಡೂ ತಲೆಯ ಮೇಲೆ ಹೆಬ್ಬೆರಳು ಆಡಿಸಿದ. ತೆರೆದ, ಮಡಚಿದ, ತೆರೆದ. ಬಾಲ ಅಂಗೈಗೆ ಬಂದಾಗ ಒಂದು ಕ್ಷಣ ನಿಂತ, ಮುಷ್ಟಿ ಬಿಗಿ ಮಾಡಿ ನೋಡಿದ. ‘ಕ್ಷೌರದ ಕತ್ತಿ ಇದ್ದಂಗ ಐತಿ’ ಅಂದ. ನಾನು ಹೂಂ ಅಂದೆ. ಅಡಿಗಲ್ಲಿನ ಮೂಲೆಗೆ ಕೀಲಿನ ತಲೆ ಇಟ್ಟು, ಅಷ್ಟು ದೊಡ್ಡ ಸುತ್ತಿಗೆಯನ್ನು ಕುತ್ತಿಗೆಯ ಹತ್ತಿರ ಹಿಡಿದು, ಕೋಳಿ ಕಾಳು ಕುಕ್ಕಿದ ಹಾಗೆ ಎರಡೇ ಏಟು ಹಾಕಿದ. ಝಾಡಿಸಿದ. ಅಲಗು ಅಲುಗಲಿಲ್ಲ. ಬಾಲ ಒತ್ತಿದ. ಬಂತು.

‘ಯಾರ ಮಾಡ್ಯಾರಿದನ್ನ?’

‘ಹುಬ್ಬಳ್ಳ್ಯಾಗ ಒಬ್ಬ ಹುಡುಗ.’

‘ಕೀಲು ಛಲೋ ಕೂರಿಸ್ಯಾನ. ಎಷ್ಟ ಕೊಟ್ರಿ?’

ಸಾಲಿನಲ್ಲಿ ನಿಂತವರೆಲ್ಲ ನನ್ನ ಕಡೆ ನೋಡಿದರು. ನಾನು ಒಂದು ಸೊನ್ನೆ ನುಂಗಿದೆ.

‘ಆರನೂರಾ ಐವತ್ತು.’

ಅವನು ಚಾಕುವನ್ನು ಮಡಚಿ ನನ್ನ ಕೈಗಿಟ್ಟ. ತಿದಿ ಒತ್ತೋ ಹುಡುಗನಿಗೆ ಸನ್ನೆ ಮಾಡಿ, ಮುಂದಿನ ಕುಡವನ್ನು ಕೆಂಡದೊಳಗೆ ತೂರಿಸುತ್ತಾ ಅಂದ, ‘ತುಟ್ಟಿ ಆತ್ರಿ.’